ಉತ್ತರ ಯಂತ್ರದ ಕಾಲದಲ್ಲಿ ಸಣ್ಣ ಸಂಸ್ಥೆಗಳ ವಿಳಾಸ

ಸಂಘ ಸಂಸ್ಥೆಗಳಿಗೆ ಕರ್ನಾಟಕದಲ್ಲಿ ಎಂದೂ ಬರವಿರಲಿಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಕಾಲದಿಂದ ಇಂದಿನವರೆಗೆ ನೇಕಾರರ ಸಂಘ, ಹಾಲು ಉತ್ಪಾದಕರ ಸಂಘ, ವಾಚನಾಲಯ, ಕಿವುಡ ಮಕ್ಕಳ ಶಾಲೆ, ವೃದ್ಧಾಶ್ರಮ, ಹವ್ಯಾಸಿ ನಾಟಕ ತಂಡ ಎಂದು ಬಗೆಬಗೆಯ ಸಂಸ್ಥೆಗಳು ಊರೂರಿನಲ್ಲಿ ಹುಟ್ಟಿಕೊಂಡಿವೆ. ಇವುಗಳಲ್ಲಿ ಬಹುಪಾಲು ಸಣ್ಣವು. ಒಬ್ಬ ಕಾರ್ಯದರ್ಶಿ, ಅರ್ಧ ದಿನದ ಗುಮಾಸ್ತ, ಒಂದು ಕೊಠಡಿ, ಬೀದಿಗೆ ಕಾಣುವ ಒಂದು ನಾಮಫಲಕ, ಆಸ್ತಿಯೆಂದರೆ ಇಷ್ಟೆ. ಇಂಥ ಸಂಸ್ಥೆ ಅಸ್ತಿತ್ವದಲ್ಲಿದೆ ಎನ್ನುವುದಕ್ಕೆ ಈವರೆಗೆ ಎರಡು ಪುರಾವೆಗಳು ಸಾಕಾಗುತ್ತಿದ್ದವು. ಒಂದು, ಸಂಘಗಳ ನೋಂದಣಿ ಕಾಯ್ದೆಯಡಿಯಲ್ಲೋ ಸಹಕಾರ ಸಂಘಗಳ ಕಾಯ್ದೆಯಡಿಯಲ್ಲೋ ದೊರೆತ ಪ್ರಮಾಣ ಪತ್ರ. ಇನ್ನೊಂದು, ಊರವರ ಬಾಯಿಮಾತು.

ಈಗ ಮೂರನೆಯ ಪುರಾವೆಯೊಂದು ಇವೆರಡನ್ನೂ ಹಿಂದಿಕ್ಕುತ್ತಿದೆ. ಕೇಳಿದ ಪ್ರಶ್ನೆಗೆ ಯಂತ್ರ ಕೊಡುವ ಉತ್ತರದಲ್ಲಿ ಸಂಸ್ಥೆಯ ಹೆಸರು ಬರುತ್ತದೆಯೋ ಇಲ್ಲವೋ ಎಂಬುದೇ ಆ ಪುರಾವೆ. ಬಂದರೆ ಸಂಸ್ಥೆ ಉಂಟು, ಬಾರದಿದ್ದರೆ ಕೇಳಿದವರ ಪಾಲಿಗೆ ಅದು ಇಲ್ಲ.

ಅಂತರ್ಜಾಲದ ಶೋಧ ವ್ಯವಸ್ಥೆ ಹೇಗೆ ಬದಲಾಗಿದೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಸಂಸ್ಥೆಯನ್ನು ಆರಂಭಿಸಿದಾಗ ಅವರ ಬಳಿ ಇದ್ದ ಮುಖ್ಯ ವಿಚಾರ ಸರಳವಾದದ್ದು. ಒಂದು ಜಾಲಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯನ್ನು ಒಂದು ಮತವೆಂದು ಎಣಿಸುವುದು. ಹೆಚ್ಚು ಮತ ಗಳಿಸಿದ ಪುಟ ಹಾಕುವ ಮತಕ್ಕೆ ಹೆಚ್ಚು ತೂಕ ಕೊಡುವುದು. ವಿದ್ವತ್ ಪತ್ರಿಕೆಗಳಲ್ಲಿ ಉಲ್ಲೇಖಗಳನ್ನು ಎಣಿಸಿ ಲೇಖನದ ಮಹತ್ವವನ್ನು ಅಳೆಯುವ ಪದ್ಧತಿಯನ್ನೇ ಇದು ಹೋಲುತ್ತಿತ್ತು. ಫಲಿತಾಂಶ ಹತ್ತು ಕೊಂಡಿಗಳ ಒಂದು ಪಟ್ಟಿ. ಅದರಲ್ಲಿ ಯಾವುದನ್ನು ತೆರೆಯಬೇಕು, ಯಾವುದನ್ನು ನಂಬಬೇಕು ಎಂಬ ತೀರ್ಮಾನ ಓದುಗನದೇ ಆಗಿತ್ತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಈ ತೀರ್ಮಾನ ನಿಧಾನವಾಗಿ ಓದುಗನ ಕೈಯಿಂದ ಜಾರತೊಡಗಿತು. ಗೂಗಲ್ ತನ್ನ ‘ಎ.ಐ. ಓವರ್‌ವ್ಯೂ’ ಎಂಬ ಸಾರಾಂಶದ ಸೌಲಭ್ಯವನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಜಾರಿಗೆ ತಂದಿತು. 2025ರಲ್ಲಿ ಸಂಭಾಷಣೆಯ ರೂಪದ ‘ಎ.ಐ. ಮೋಡ್’ ಬಂತು, ಆ ವರ್ಷ ಮುಗಿಯುವುದರೊಳಗೆ ಅದು ಕನ್ನಡದಲ್ಲಿಯೂ ದೊರೆಯಿತು. ಇವುಗಳ ಕೆಲಸದ ಕ್ರಮ ಹೀಗಿದೆ: ಕೇಳಿದ ಪ್ರಶ್ನೆಯನ್ನು ಯಂತ್ರ ಹಲವು ಉಪಪ್ರಶ್ನೆಗಳಾಗಿ ಒಡೆಯುತ್ತದೆ, ಪ್ರತಿಯೊಂದಕ್ಕೂ ಜಾಲದಲ್ಲಿ ಹುಡುಕುತ್ತದೆ, ಸಿಕ್ಕ ಪುಟಗಳಿಂದ ಬೇಕಾದ ಸಾಲುಗಳನ್ನು ಆಯ್ದುಕೊಳ್ಳುತ್ತದೆ, ಅವುಗಳನ್ನು ಹೊಸೆದು ಒಂದು ಉತ್ತರವನ್ನು ಬರೆಯುತ್ತದೆ, ಕೊನೆಯಲ್ಲಿ ಮೂರೋ ನಾಲ್ಕೋ ಮೂಲಗಳ ಹೆಸರು ಹೇಳುತ್ತದೆ. ಹತ್ತರ ಪಟ್ಟಿಯಲ್ಲಿ ಎಂಟನೆಯ ಸ್ಥಾನದಲ್ಲಿದ್ದ ಸಣ್ಣ ಸಂಸ್ಥೆಗೂ ಹಿಂದೆ ಒಂದಿಷ್ಟು ಆಸೆಯಿತ್ತು. ಮೂರರ ಪಟ್ಟಿಯಲ್ಲಿ ಎಂಟನೆಯ ಸ್ಥಾನವೆಂಬುದೇ ಇಲ್ಲ.

ಹೆಸರು ಬಂದರೂ ಜನ ಪುಟಕ್ಕೆ ಬರುತ್ತಾರೆಯೇ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ 900 ಮಂದಿ ವಯಸ್ಕರ ಜಾಲ ಬಳಕೆಯನ್ನು ಗಮನಿಸಿ ಜುಲೈನಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಕಣ್ತೆರೆಸುವಂಥದು. ಸಾರಾಂಶ ಕಾಣಿಸದ ಶೋಧಗಳಲ್ಲಿ ಶೇ 15ರಷ್ಟು ಸಲ ಜನ ಯಾವುದಾದರೊಂದು ಕೊಂಡಿಯನ್ನು ತೆರೆದರು. ಸಾರಾಂಶ ಕಾಣಿಸಿದಾಗ ಆ ಪ್ರಮಾಣ ಶೇ 8ಕ್ಕೆ ಇಳಿಯಿತು. ಸಾರಾಂಶದ ಒಳಗೇ ಇದ್ದ ಮೂಲದ ಕೊಂಡಿಯನ್ನು ಒತ್ತಿದ್ದು ಶೇ 1ರಷ್ಟು ಸಲ ಮಾತ್ರ. ಎಂದರೆ, ಉತ್ತರದಲ್ಲಿ ಬಂದ ನಾಲ್ಕು ಸಾಲೇ ಬಹುತೇಕರಿಗೆ ಆ ಸಂಸ್ಥೆಯ ಸಂಪೂರ್ಣ ಪರಿಚಯ. ಆ ನಾಲ್ಕು ಸಾಲಿನಲ್ಲಿ ದೂರವಾಣಿ ಸಂಖ್ಯೆ ತಪ್ಪಿದ್ದರೆ ತಪ್ಪಿಯೇ ಇರುತ್ತದೆ, ತಿದ್ದುವವರಿಲ್ಲ.

ಯಾರಿಗೆ ನಷ್ಟ?

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪರಿಸ್ಥಿತಿ ತೀರ ಹೊಸದೇನಲ್ಲ. ಮಾಹಿತಿಯನ್ನು ಹುಡುಕುವುದಕ್ಕೂ ಒಂದು ವೆಚ್ಚವಿದೆ ಎಂದು ಜಾರ್ಜ್ ಸ್ಟಿಗ್ಲರ್ 1961ರಲ್ಲೇ ವಾದಿಸಿದ್ದರು. ಮಾಹಿತಿ ಹೆಚ್ಚಾದಂತೆ ಕೊರತೆ ಬೀಳುವುದು ಮನುಷ್ಯನ ಗಮನಕ್ಕೆ ಎಂಬುದನ್ನು ಹರ್ಬರ್ಟ್ ಸೈಮನ್ 1971ರಲ್ಲಿ ಸ್ಪಷ್ಟಪಡಿಸಿದರು. ಉತ್ತರ ಯಂತ್ರ ಗ್ರಾಹಕನ ಹುಡುಕಾಟದ ವೆಚ್ಚವನ್ನು ಬಹುತೇಕ ಸೊನ್ನೆಗೆ ಇಳಿಸುತ್ತದೆ. ಅದರ ಜನಪ್ರಿಯತೆಗೆ ಕಾರಣವೂ ಅದೇ. ಆದರೆ ಆ ವೆಚ್ಚ ಮಾಯವಾಗುವುದಿಲ್ಲ, ಹುಡುಕಿಸಿಕೊಳ್ಳಬೇಕಾದವರ ತಲೆಯ ಮೇಲೆ ಬಂದು ಕೂರುತ್ತದೆ. ದೊಡ್ಡ ಕಂಪನಿಗೆ ಅದನ್ನು ಹೊರುವ ಶಕ್ತಿ ಇದೆ. ಇಳಕಲ್ಲಿನ ನೇಕಾರರ ಸಂಘಕ್ಕೆ?

‘ನಮ್ಮ ಸಂಸ್ಥೆ ಎಲ್ಲರಿಗೂ ಗೊತ್ತು, ಯಂತ್ರದ ಗೊಡವೆ ನಮಗೇಕೆ’ ಎನ್ನುವ ಹಿರಿಯ ಪದಾಧಿಕಾರಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಊರಿನಲ್ಲಿ ನಾಲ್ಕು ತಲೆಮಾರಿನಿಂದ ಇರುವವರಿಗೆ ಸಂಘ ಗೊತ್ತು. ಆದರೆ ಯಂತ್ರವನ್ನು ಕೇಳುವವರು ಅವರಲ್ಲ. ಬೀದರಿನಿಂದ ಬೆಂಗಳೂರಿಗೆ ವರ್ಗವಾಗಿ ಬಂದು, ಕಿವಿ ಕೇಳದ ಮಗುವಿಗೆ ಶಾಲೆ ಹುಡುಕುತ್ತಿರುವ ತಾಯಿ. ಮಗ ಪರದೇಶದಲ್ಲಿದ್ದು, ಹಾಸಿಗೆ ಹಿಡಿದ ಪತಿಗೆ ಮನೆಗೇ ಬಂದು ಶುಶ್ರೂಷೆ ಮಾಡುವವರು ಯಾರೆಂದು ತಿಳಿಯದ ವೃದ್ಧೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಸಂಬಳ ಬಾಕಿ ಉಳಿದು, ಉಚಿತ ಕಾನೂನು ಸಲಹೆ ಎಲ್ಲಿ ಸಿಗುತ್ತದೆ ಎಂದು ಮೊಬೈಲಿನಲ್ಲಿ ಮಾತನಾಡಿಯೇ ವಿಚಾರಿಸುವ ಹುಡುಗಿ. ಪರಿಚಯದ ಬಲವಿಲ್ಲದವರು ಇವರು. ಸಣ್ಣ ಸಂಸ್ಥೆಗಳು ಹುಟ್ಟಿದ್ದೇ ಇಂಥವರಿಗಾಗಿ. ಅವರು ಕೇಳುವ ಜಾಗದಲ್ಲಿ ಸಂಸ್ಥೆ ಇಲ್ಲವೆಂದಾದರೆ ಪರಿಚಯಸ್ಥರ ಸೇವೆ ಮಾತ್ರ ಉಳಿಯುತ್ತದೆ.

ಇನ್ನೊಂದು ಅಪಾಯವೂ ಇದೆ. ನಿಜವಾದ ಮಾಹಿತಿ ಇಲ್ಲದ ಕಡೆ ಯಂತ್ರ ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ, ಇರುವಷ್ಟರಲ್ಲೇ ಏನನ್ನೋ ಹೊಂದಿಸಿ ಹೇಳುತ್ತದೆ. ನಾನು ಕಾರ್ಯಕಾರಿ ಸಮಿತಿಯಲ್ಲಿರುವ ಒಂದು ಸಣ್ಣ ವಾಚನಾಲಯದ ಬಗ್ಗೆ ವಿಚಾರಿಸಿದಾಗ, ಅದೇ ಹೆಸರಿನ ಬೇರೊಂದು ಜಿಲ್ಲೆಯ ಸಂಸ್ಥೆಯ ಸ್ಥಾಪನೆಯ ವರ್ಷವನ್ನೂ ನಮ್ಮ ಬಡಾವಣೆಯ ವಿಳಾಸವನ್ನೂ ಬೆಸೆದು, ಅತ್ಯಂತ ವಿನಯದಿಂದ, ಸುಲಲಿತವಾದ ಭಾಷೆಯಲ್ಲಿ ಉತ್ತರ ಬಂತು. ನಮಗೆ ಇದರಿಂದ ಹಾನಿಯಾಗಲಿಲ್ಲ, ಎರಡು ದಿನ ನಗುವುದಕ್ಕೆ ವಿಷಯ ಸಿಕ್ಕಿತು. ಆದರೆ ಎಲ್ಲರ ಅದೃಷ್ಟ ಹಾಗಿರುವುದಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ವುಲ್ಫ್ ರಿವರ್ ಎಲೆಕ್ಟ್ರಿಕ್ ಎಂಬ ಸೌರಶಕ್ತಿ ಕಂಪನಿ 2025ರಲ್ಲಿ ಗೂಗಲ್ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿದೆ. ರಾಜ್ಯದ ಅಟಾರ್ನಿ ಜನರಲ್ ತನ್ನ ಮೇಲೆ ದಾವೆ ಹೂಡಿದ್ದಾರೆ ಎಂದು ಎ.ಐ. ಸಾರಾಂಶ ಸುಳ್ಳು ಹೇಳಿದ್ದರಿಂದ ಗ್ರಾಹಕರು ಒಪ್ಪಂದಗಳನ್ನು ರದ್ದುಪಡಿಸಿದರು ಎಂಬುದು ಅದರ ದೂರು. ಅಂಥ ಕಂಪನಿಗೆ ವಕೀಲರನ್ನು ನೇಮಿಸಿಕೊಳ್ಳುವ ಚೈತನ್ಯವಿತ್ತು. ದಾನಿಗಳ ವಿಶ್ವಾಸದ ಮೇಲೆಯೇ ನಿಂತಿರುವ ನಮ್ಮ ಅನಾಥಾಲಯಗಳ ಬಗ್ಗೆ ಇಂಥದೊಂದು ಸಾಲು ಬಂದರೆ ಅವು ಯಾವ ನ್ಯಾಯಾಲಯಕ್ಕೆ ಹೋಗಬೇಕು?

ಕಣ್ಣಿಗೆ ಕಾಣುವ, ಯಂತ್ರಕ್ಕೆ ಕಾಣದ ಕನ್ನಡ

ಕನ್ನಡದ ಸಂಸ್ಥೆಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಇಂಗ್ಲಿಷಿನಲ್ಲಿ ಬರೆದ ಯಾವ ಮಾರ್ಗದರ್ಶಿಯಲ್ಲೂ ಇದರ ಪ್ರಸ್ತಾಪ ಸಿಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು 4.37 ಕೋಟಿ ಜನ. ಆದರೂ ಜಾಲದಲ್ಲಿರುವ ಒಟ್ಟು ತಾಣಗಳಲ್ಲಿ ಕನ್ನಡದವುಗಳ ಪಾಲು ಶೇ 0.1ಕ್ಕಿಂತ ಕಡಿಮೆ. ಇದಕ್ಕೆ ಕನ್ನಡಿಗರ ಔದಾಸೀನ್ಯವೇ ಕಾರಣವೆಂದು ದೂರುವುದು ರೂಢಿ. ಅದು ಪೂರ್ಣ ನಿಜವಲ್ಲ. ಕನ್ನಡದಲ್ಲಿ ಬರೆದದ್ದು ಬಹಳ ಇದೆ, ಆದರೆ ಯಂತ್ರ ಓದಲಾರದ ರೂಪದಲ್ಲಿದೆ.

ಕನ್ನಡ ಲಿಪಿಗೆ ಯುನಿಕೋಡ್‌ನಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ಆದರೆ ನಮ್ಮ ಕಚೇರಿಗಳು, ಮುದ್ರಣಾಲಯಗಳು, ಸಂಘಗಳು ದಶಕಗಳ ಕಾಲ ಕೆಲಸ ಮಾಡಿದ್ದು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ. ಆ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಯಂತ್ರದ ಒಳಗೆ ಮಾತ್ರ ಅದು ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸರಮಾಲೆ. ಈ ತಂತ್ರಾಂಶಗಳು ಆಮೇಲೆ ಯುನಿಕೋಡ್‌ಗೆ ಹೊಂದಿಕೊಂಡವು ನಿಜ, ಆದರೆ ಹಳೆಯ ಕಡತಗಳು ಹಳೆಯ ರೂಪದಲ್ಲೇ ಉಳಿದವು. ಹಳೆಯ ಅಭ್ಯಾಸವೂ ಅನೇಕ ಕಡೆ ಉಳಿದಿದೆ. ಇಪ್ಪತ್ತೈದು ವರ್ಷಗಳ ವಾರ್ಷಿಕ ವರದಿಗಳನ್ನು ಶ್ರದ್ಧೆಯಿಂದ ಜಾಲತಾಣಕ್ಕೆ ಏರಿಸಿದ ಸಂಸ್ಥೆ, ಯಂತ್ರದ ಮಟ್ಟಿಗೆ ಒಂದು ಸಾಲನ್ನೂ ಪ್ರಕಟಿಸಿರುವುದಿಲ್ಲ. ಹಳೆಯ ಅಕ್ಷರಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುವುದುಂಟು. ಕನ್ನಡ ಬಲ್ಲವರೊಬ್ಬರು ಕುಳಿತು ತಿದ್ದಬೇಕಾಗುತ್ತದೆ. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳಿಗೆ ಗಿಡ ನೆಡುವುದರ ಜೊತೆಗೆ ಈ ಕೆಲಸವನ್ನೂ ವಹಿಸಬಹುದು; ಅದರಿಂದ ಅವರ ಕನ್ನಡವೂ ಸುಧಾರಿಸೀತು.

ಎರಡನೆಯ ತೊಡಕು ಚಿತ್ರಗಳದು. ಕಾರ್ಯಕ್ರಮದ ಆಮಂತ್ರಣ, ಪ್ರವೇಶದ ಪ್ರಕಟಣೆ, ಆರೋಗ್ಯ ಶಿಬಿರದ ದಿನಾಂಕ ಎಲ್ಲವೂ ಬಣ್ಣಬಣ್ಣದ ಒಂದು ಚಿತ್ರವಾಗಿ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಮೂವರು ಗಣ್ಯರ ಭಾವಚಿತ್ರಗಳ ನಡುವೆ ಸ್ಥಳ ಮತ್ತು ಸಮಯ ಎಲ್ಲೋ ಮೂಲೆಯಲ್ಲಿ ಅಡಗಿರುತ್ತವೆ. ವಾಟ್ಸ್‌ಆ್ಯಪ್ ಗುಂಪು ಗೋಡೆಯೊಳಗಿನ ಅಂಗಳ. ಹೊರಗಿನ ಯಾವ ಶೋಧ ಯಂತ್ರವೂ ಅಲ್ಲಿಗೆ ಬರಲಾರದು. ಫೇಸ್‌ಬುಕ್ಕಿನಲ್ಲಿ ಹಾಕಿದ್ದರ ಬಹುಭಾಗವೂ ಹಾಗೆಯೇ. ಗುಂಪಿಗೆ ಕಳಿಸುವುದು ತಪ್ಪಲ್ಲ. ಅದೇ ವಿಷಯವನ್ನು ನಾಲ್ಕು ಸಾಲಿನ ಅಕ್ಷರ ರೂಪದಲ್ಲಿ ಸ್ವಂತ ಜಾಲತಾಣದಲ್ಲೂ ಬರೆದಿಡುವುದು ಕಷ್ಟದ ಕೆಲಸವೇನೂ ಅಲ್ಲ, ಅಭ್ಯಾಸವಾಗಬೇಕು ಅಷ್ಟೆ.

ಮೂರನೆಯದು ಹೆಸರಿನ ಗೊಂದಲ. ‘ಕನ್ನಡ ಸಂಘ’, ‘ವಿವೇಕಾನಂದ ಯುವಕ ಸಂಘ’ ಎಂಬ ಹೆಸರಿನ ಸಂಸ್ಥೆಗಳು ಎಷ್ಟಿವೆಯೋ ಲೆಕ್ಕವಿಟ್ಟವರಿಲ್ಲ. ಒಂದೇ ಸಂಸ್ಥೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಾಮಫಲಕದಲ್ಲಿ ಒಂದು ಕಾಗುಣಿತ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು, ನೋಂದಣಿ ಪತ್ರದಲ್ಲಿ ಮತ್ತೊಂದು. ಊರಿನ ಹೆಸರುಗಳೂ ಸ್ಥಿರವಾಗಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಇಂಗ್ಲಿಷಿನಲ್ಲಿಯೂ ಬದಲಾಯಿತು. ಬೆಳಗಾವಿ, ಕಲಬುರಗಿ, ವಿಜಯಪುರಗಳ ಹಳೆಯ ರೂಪಗಳು ಕಡತಗಳಲ್ಲಿ ಹಾಗೆಯೇ ಇವೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆಯಿತು. ಬಳ್ಳಾರಿ ಜಿಲ್ಲೆಯ ಹೊಸಪೇಟೆ ಎಂದು ಹಳೆಯ ಪುಟದಲ್ಲಿಯೂ ವಿಜಯನಗರ ಜಿಲ್ಲೆಯ ಹೊಸಪೇಟೆ ಎಂದು ಹೊಸ ಪುಟದಲ್ಲಿಯೂ ಇರುವ ಒಂದೇ ಸಂಸ್ಥೆಯನ್ನು ಯಂತ್ರ ಎರಡೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಪೂರ್ಣ ಹೆಸರು, ಸ್ಥಾಪನೆಯ ವರ್ಷ, ನೋಂದಣಿ ಸಂಖ್ಯೆ, ಇಂದಿನ ವಿಳಾಸ, ಹಿಂದೆ ಬಳಕೆಯಲ್ಲಿದ್ದ ಹೆಸರುಗಳು ಇಷ್ಟನ್ನು ಒಂದೇ ಕಡೆ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ, ಎಲ್ಲ ಕಡೆ ಒಂದೇ ರೀತಿಯಾಗಿ ಬರೆದಿಡಬೇಕು. ಗೂಗಲ್ ನಕ್ಷೆಯಲ್ಲಿ ಸಂಸ್ಥೆಯ ವಿವರ ದಾಖಲಿಸಲು ಶುಲ್ಕವಿಲ್ಲ. ನೀತಿ ಆಯೋಗದ ‘ದರ್ಪಣ್’ ಜಾಲದಲ್ಲಿ ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸಬಹುದು. ಈ ಎಲ್ಲ ಕಡೆಯೂ ಒಂದೇ ಹೆಸರು, ಒಂದೇ ವಿಳಾಸ ಇರಲಿ.

ಬರೆಯಬೇಕಾದದ್ದು ಏನು?

ಸರ್ಕಾರಿ ಸೇವೆಯಲ್ಲಿದ್ದವರಿಗೆ ಮಾಹಿತಿ ಹಕ್ಕು ಕಾಯ್ದೆ, 2005ರ ನಾಲ್ಕನೆಯ ಪ್ರಕರಣ ಚೆನ್ನಾಗಿ ನೆನಪಿರುತ್ತದೆ. ಕೆಲವರಿಗೆ ಕಹಿಯಾಗಿಯೂ ನೆನಪಿರಬಹುದು. ಪ್ರಜೆ ಕೇಳುವುದಕ್ಕೆ ಮೊದಲೇ ಸಾರ್ವಜನಿಕ ಪ್ರಾಧಿಕಾರ ತಾನಾಗಿ ಪ್ರಕಟಿಸಬೇಕಾದ 17 ಬಗೆಯ ವಿವರಗಳನ್ನು ಅದು ಪಟ್ಟಿ ಮಾಡುತ್ತದೆ. ಸಂಸ್ಥೆಯ ಕಾರ್ಯಗಳು, ತೀರ್ಮಾನ ಕೈಗೊಳ್ಳುವ ವಿಧಾನ, ಸಿಬ್ಬಂದಿ, ಆಯವ್ಯಯ, ಸೌಲಭ್ಯ ಪಡೆಯುವ ಕ್ರಮ ಇತ್ಯಾದಿ. ಸ್ಥಳೀಯ ಭಾಷೆಯನ್ನೂ ವೆಚ್ಚವನ್ನೂ ಗಮನದಲ್ಲಿಟ್ಟು ಇವನ್ನು ಪ್ರಚುರಪಡಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಎಷ್ಟು ಇಲಾಖೆಗಳು ಇದನ್ನು ಮನಸ್ಸಿಟ್ಟು ಮಾಡಿದವು ಎಂಬ ಪ್ರಶ್ನೆ ಇಲ್ಲಿ ಬೇಡ. ಖಾಸಗಿ ಸಂಘಗಳಿಗೆ ಈ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಜಾಲತಾಣದಲ್ಲಿ ಏನಿರಬೇಕು ಎಂದು ತಲೆಕೆಡಿಸಿಕೊಳ್ಳುವ ಕಾರ್ಯದರ್ಶಿಗೆ ಇದಕ್ಕಿಂತ ಉತ್ತಮವಾದ ಮಾದರಿ ನನಗೆ ಕಾಣದು. ‘ಸಮಾಜದ ಸರ್ವತೋಮುಖ ಅಭಿವೃದ್ಧಿಯೇ ನಮ್ಮ ಧ್ಯೇಯ’ ಎಂಬ ವಾಕ್ಯದಿಂದ ಯಂತ್ರಕ್ಕಾಗಲಿ ಮನುಷ್ಯನಿಗಾಗಲಿ ಏನೂ ತಿಳಿಯುವುದಿಲ್ಲ. ಯಾವ ವಯಸ್ಸಿನ ಮಕ್ಕಳಿಗೆ ಪ್ರವೇಶ, ಯಾವ ತಿಂಗಳಲ್ಲಿ ಅರ್ಜಿ, ಯಾವ ದಾಖಲೆಗಳು ಬೇಕು, ಶುಲ್ಕ ಎಷ್ಟು, ವಸತಿ ಇದೆಯೇ, ಬಸ್ ನಿಲ್ದಾಣದಿಂದ ಎಷ್ಟು ದೂರ ಎಂಬುದನ್ನು ಬರೆದರೆ ಎಲ್ಲವೂ ತಿಳಿಯುತ್ತದೆ.

ಇಳಕಲ್ ಸೀರೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೂ ಕೈಮಗ್ಗದ ಸೀರೆಯ ಹೆಸರಿನಲ್ಲಿ ವಿದ್ಯುತ್ ಮಗ್ಗದ್ದು ಮಾರಾಟವಾಗುವುದು ನೇಕಾರರ ಬಹುಕಾಲದ ಅಳಲು. ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದಿದ್ದಾಗ ಕಳಪೆ ಮಾಲು ಒಳ್ಳೆಯ ಮಾಲನ್ನು ಮಾರುಕಟ್ಟೆಯಿಂದ ಹೊರದೂಡುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿಕೊಟ್ಟರು. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದು ಈ ಬಗೆಯ ವಿಚಾರಗಳಿಗಾಗಿಯೇ. ಕೇಂದ್ರ ಸರ್ಕಾರ 2006ರಲ್ಲಿ ಕೈಮಗ್ಗ ಗುರುತನ್ನೂ 2015ರಲ್ಲಿ ‘ಇಂಡಿಯಾ ಹ್ಯಾಂಡ್‌ಲೂಮ್’ ಬ್ರ್ಯಾಂಡನ್ನೂ ತಂದದ್ದು ಇದೇ ಕಾಯಿಲೆಗೆ ಮದ್ದಾಗಿ. ಈಗ ‘ಅಸಲಿ ಇಳಕಲ್ ಸೀರೆಯನ್ನು ಗುರುತಿಸುವುದು ಹೇಗೆ’ ಎಂದು ಯಾರಾದರೂ ಯಂತ್ರವನ್ನು ಕೇಳುತ್ತಾರೆನ್ನಿ. ಇದಕ್ಕೆ ಉತ್ತರ ಬಲ್ಲವರು ನೇಕಾರರೇ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುವ ಕ್ರಮ, ಆ ಜೋಡಣೆ ಸೀರೆಯಲ್ಲಿ ಎಲ್ಲಿ ಕಾಣುತ್ತದೆ, ಟೋಪ್ ತೆನಿ ಸೆರಗು ಎಂದರೇನು, ಗೋಮಿ ಮತ್ತು ಚಿಕ್ಕಿ ಅಂಚುಗಳಿಗೆ ಏನು ವ್ಯತ್ಯಾಸ, ಹತ್ತಿಯ ಒಡಲಿಗೂ ರೇಷ್ಮೆಯ ಒಡಲಿಗೂ ಬೆಲೆ ಎಷ್ಟೆಷ್ಟು, ಮೊದಲ ಒಗೆತ ಹೇಗೆ. ಒಂದು ನೇಕಾರ ಸಂಘ ಇದನ್ನೆಲ್ಲ ಒಂದೊಂದು ಪ್ರಶ್ನೆಯ ಕೆಳಗೆ ಒಂದೊಂದು ನೇರ ಉತ್ತರವಾಗಿ, ಛಾಯಾಚಿತ್ರದೊಡನೆ, ಛಾಯಾಚಿತ್ರದಲ್ಲಿ ಏನಿದೆ ಎಂಬ ವಿವರಣೆಯೊಡನೆ ಬರೆದರೆ ಅದಕ್ಕೆ ಸಾಟಿಯಾಗುವ ಪುಟ ಮಧ್ಯವರ್ತಿ ವ್ಯಾಪಾರಿಯ ಬಳಿ ಇರಲಾರದು. ಅವನ ಬಳಿ ಇರುವುದು ರಿಯಾಯಿತಿಯ ಘೋಷಣೆ ಮಾತ್ರ.

ಇದು ಬರೀ ಆಶಯದ ಮಾತಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದೆಹಲಿ ಐಐಟಿ ಮೊದಲಾದ ಕಡೆಯ ಸಂಶೋಧಕರು 2023ರಲ್ಲಿ ಹೊರತಂದ ಒಂದು ಪ್ರಬಂಧ ಉತ್ತರ ಯಂತ್ರಗಳು ಎಂಥ ಪುಟಗಳನ್ನು ಹೆಚ್ಚು ಬಳಸಿಕೊಳ್ಳುತ್ತವೆ ಎಂಬುದನ್ನು ಪರೀಕ್ಷಿಸಿತು. ಅಂಕಿಅಂಶ, ನಂಬಲರ್ಹ ಮೂಲಗಳ ಉಲ್ಲೇಖ, ಬಲ್ಲವರ ಹೇಳಿಕೆ ಇವುಗಳನ್ನು ಸೇರಿಸಿದ ಪುಟಗಳ ಗೋಚರತೆ ಶೇ 40ರವರೆಗೆ ಹೆಚ್ಚಿತು. ಒಂದೇ ಪದವನ್ನು ಮತ್ತೆ ಮತ್ತೆ ತುರುಕುವ ಹಳೆಯ ತಂತ್ರದಿಂದ ಪ್ರಯೋಜನವಾಗಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಅಂಶ. ಮೂಲಗಳನ್ನು ಉಲ್ಲೇಖಿಸಿದಾಗ ಶೋಧದಲ್ಲಿ ಐದನೆಯ ಸ್ಥಾನದಲ್ಲಿದ್ದ ತಾಣಗಳ ಗೋಚರತೆ ಎರಡು ಪಟ್ಟಿಗೂ ಮೀರಿ ಏರಿತು. ಮೊದಲ ಸ್ಥಾನದ ತಾಣಗಳದು ಸರಾಸರಿ ಶೇ 30ರಷ್ಟು ಇಳಿಯಿತು. ಅದು ಪ್ರಯೋಗಾಲಯದ ಪರೀಕ್ಷೆ, ಯಂತ್ರಗಳು ಆ ಮೇಲೆ ಬಹಳ ಬದಲಾಗಿವೆ. ಆದ್ದರಿಂದ ಅಂಕಿಗಳನ್ನು ವೇದವಾಕ್ಯವೆಂದು ತಿಳಿಯಬಾರದು. ಆದರೆ ಹಿಂದಿನ ಸಾಲಿನಲ್ಲಿ ಕುಳಿತವರು ವಿಷಯದ ಬಲದಿಂದ ಮುಂದೆ ಬರುವ ಅವಕಾಶ ಈ ವ್ಯವಸ್ಥೆಯಲ್ಲಿ ಇದೆ ಎಂಬುದನ್ನು ಅಲ್ಲಗಳೆಯಲಾಗದು.

ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕಿಂತ ಬೇರೆಯವರು ಹೇಳಿದ್ದಕ್ಕೆ ಯಂತ್ರವೂ ಹೆಚ್ಚು ಬೆಲೆ ಕೊಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಗ್ಗೆ ಆಗಸ್ಟ್ ಬಂತೆಂದರೆ ಪತ್ರಿಕೆಗಳು ಬರೆಯುತ್ತವೆ. ಆದ್ದರಿಂದ ಯಂತ್ರಗಳಿಗೂ ಅದು ಗೊತ್ತು. ಎಲ್ಲ ಸಂಸ್ಥೆಗಳಿಗೂ ಅಂಥ ಭಾಗ್ಯವಿಲ್ಲ. ಆದರೆ ಸ್ಥಳೀಯ ಪತ್ರಿಕೆಯ ವರದಿ, ವಿಶ್ವವಿದ್ಯಾಲಯದ ಅಧ್ಯಯನ, ಜಿಲ್ಲಾಡಳಿತದ ಪಟ್ಟಿ, ಯೂಟ್ಯೂಬಿನಲ್ಲಿ ಯಾರೋ ಆಸಕ್ತರು ಮಾಡಿದ ಸಂದರ್ಶನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಸಂಸ್ಥೆಯ ಬಗ್ಗೆ ತಾವೇ ಲೇಖನ ಬರೆದುಕೊಳ್ಳುವ ಚಪಲ ಕೆಲವರಿಗಿದೆ. ಅದು ಅಲ್ಲಿಯ ನಿಯಮಕ್ಕೆ ಹೊಂದುವುದಿಲ್ಲ, ಬರೆದರೂ ಅಳಿಸಿಹಾಕುತ್ತಾರೆ. ಅದರ ಬದಲು ಊರಿನ ಇತಿಹಾಸ, ಕಸುಬು, ಜಾತ್ರೆ, ಕೆರೆಗಳ ಬಗ್ಗೆ ಆಧಾರಸಹಿತವಾಗಿ ಬರೆಯಲಿ. ವಿಷಯ ಬೆಳೆದ ಕಡೆ ಸಂಸ್ಥೆಯ ಹೆಸರೂ ಒಂದು ದಿನ ಸಹಜವಾಗಿ ಬಂದೀತು.

ಮದ್ದು ಮಾರುವವರು

ಹೊಸ ಕಾಯಿಲೆ ಬಂದ ಕಡೆ ಹೊಸ ಮದ್ದು ಮಾರುವವರೂ ಬರುತ್ತಾರೆ. ‘ಎಲ್ಲ ಎ.ಐ. ಉತ್ತರಗಳಲ್ಲಿ ನಿಮ್ಮ ಹೆಸರು ಮೊದಲು ಬರುವಂತೆ ಮಾಡುತ್ತೇವೆ’ ಎಂದು ಒಂದು ಏಜೆನ್ಸಿ ನಮ್ಮ ವಾಚನಾಲಯಕ್ಕೂ ಪ್ರಸ್ತಾವ ಕಳಿಸಿತ್ತು. ಅವರು ಕೇಳಿದ ಮಾಸಿಕ ಶುಲ್ಕ ನಮ್ಮ ಗ್ರಂಥಪಾಲಕರ ಸಂಬಳಕ್ಕಿಂತ ಹೆಚ್ಚು! ಇಂಥ ಭರವಸೆಯನ್ನು ಯಾರೂ ಕೊಡಲಾರರು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಎರಡು ಉತ್ತರ ಕೊಡುವ ಯಂತ್ರದ ಮೇಲೆ ಖಾತರಿ ನೀಡುವುದಾದರೂ ಹೇಗೆ? ತನ್ನ ಎ.ಐ. ಸಾರಾಂಶಗಳಲ್ಲಿ ಸ್ಥಾನ ಪಡೆಯಲು ಸಾಮಾನ್ಯ ಶೋಧಕ್ಕೆ ಬೇಕಾದದ್ದನ್ನು ಮೀರಿ ಬೇರೆ ಯಾವ ವಿಶೇಷ ಕ್ರಮವೂ ಬೇಕಿಲ್ಲವೆಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ.

ತಾಂತ್ರಿಕವಾಗಿ ನೋಡಿಕೊಳ್ಳಬೇಕಾದವು ಎರಡು ಮೂರೇ ಇವೆ. ಜಾಲತಾಣದ ಪಠ್ಯ ಅಲಂಕಾರದ ಸ್ಕ್ರಿಪ್ಟುಗಳು ಓಡಿದ ಮೇಲಷ್ಟೇ ಕಾಣುವಂತಿದ್ದರೆ ಹಲವು ಎ.ಐ. ಯಂತ್ರಗಳಿಗೆ ಅದು ಕಾಣುವುದಿಲ್ಲ. ಹಳೆಯ ಕಾಲದ ಸರಳ ಪುಟವೇ ಲೇಸು. ಜಾಲತಾಣಕ್ಕೆ ಯಾವ ಯಂತ್ರ ಬರಬಹುದು, ಯಾವುದು ಬರಬಾರದು ಎಂದು ಬಾಗಿಲಲ್ಲೇ ತಿಳಿಸುವ ‘ರೋಬೋಟ್ಸ್’ ಎಂಬ ಪುಟ್ಟ ಕಡತವೊಂದಿರುತ್ತದೆ; 1994ರಿಂದ ರೂಢಿಯಲ್ಲಿರುವ ಪದ್ಧತಿ ಅದು. ಅನೇಕ ತಾಣಗಳನ್ನು ಕಾಯುವ ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈನಿಂದ ಹೊಸ ತಾಣಗಳಿಗೆ ಎ.ಐ. ಯಂತ್ರಗಳನ್ನು ತಾನಾಗಿಯೇ ತಡೆಯತೊಡಗಿತು. ಪತ್ರಿಕೆ, ಪ್ರಕಾಶಕರಿಗೆ ಈ ತಡೆ ರಕ್ಷಣೆ. ಸುದ್ದಿಸಂಸ್ಥೆ ಎಎನ್ಐ 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಓಪನ್‌ಎಐ ವಿರುದ್ಧ ದಾವೆ ಹೂಡಿದ್ದು ತನ್ನ ಬರಹಗಳನ್ನು ಅನುಮತಿಯಿಲ್ಲದೆ ಬಳಸಿಕೊಂಡರೆಂಬ ಕಾರಣಕ್ಕೇ. ಬರಹವೇ ಸರಕಾಗಿರುವವರ ಹಿತಾಸಕ್ತಿ ಬೇರೆ, ವಿಳಾಸ ತಿಳಿಸಬೇಕಾದವರ ಹಿತಾಸಕ್ತಿ ಬೇರೆ. ಶುಶ್ರೂಷಾ ಕೇಂದ್ರವೊಂದು ತನಗರಿವಿಲ್ಲದೆಯೇ ಬಾಗಿಲು ಮುಚ್ಚಿಕೊಂಡು ಕೂತಿರುವುದು ಬೇಡ. ತಾಣ ನಿರ್ಮಿಸಿಕೊಟ್ಟವರನ್ನು ಈ ಒಂದು ಪ್ರಶ್ನೆ ಕೇಳಿದರೆ ಸಾಕು. ತರಬೇತಿಗೆ ಬರುವ ಯಂತ್ರವನ್ನು ತಡೆದು ಶೋಧಕ್ಕೆ ಬರುವುದನ್ನು ಮಾತ್ರ ಒಳಬಿಡಲೂ ಸಾಧ್ಯ. ಓಪನ್‌ಎಐ ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟಿದೆ.

ಫಲ ದೊರೆಯುತ್ತಿದೆಯೇ ಎಂದು ತಿಳಿಯಲೂ ಹಣ ಬೇಕಿಲ್ಲ. ಸಂಸ್ಥೆಯ ಹೆಸರನ್ನು ಹೇಳದೆ, ಫಲಾನುಭವಿಗಳು ಕೇಳಬಹುದಾದ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಎರಡು ಮೂರು ಯಂತ್ರಗಳನ್ನು ಕೇಳಿ, ಹೆಸರು ಬಂತೇ, ಬಂದದ್ದು ಸರಿಯೇ, ಯಾವ ಮೂಲದಿಂದ ಬಂತು ಎಂದು ಒಂದು ವಹಿಯಲ್ಲಿ ಬರೆದಿಡಬೇಕು. ಒಂದು ದಿನದ ಉತ್ತರದಿಂದ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಆರು ತಿಂಗಳ ದಾಖಲೆ ನೋಡಿದರೆ ದಿಕ್ಕು ತಿಳಿಯುತ್ತದೆ. ಹೊಸಬರು ಸೇರಲು ಬಂದಾಗ ‘ನಮ್ಮ ವಿಷಯ ಹೇಗೆ ತಿಳಿಯಿತು’ ಎಂದು ಕೇಳಿ ಬರೆದುಕೊಳ್ಳುವುದು ಇದಕ್ಕಿಂತಲೂ ನಂಬಲರ್ಹವಾದ ಅಳತೆ.

ಸರ್ಕಾರದ ಪಾಲಿಗೂ ಕೆಲಸವಿದೆ. ಸಂಘಗಳ ನೋಂದಣಾಧಿಕಾರಿಗಳ ಬಳಿ, ಸಹಕಾರ ಇಲಾಖೆಯ ಬಳಿ ಇರುವ ಪಟ್ಟಿಗಳಷ್ಟು ಅಧಿಕೃತವಾದದ್ದು ಇನ್ನಾರ ಬಳಿಯೂ ಇಲ್ಲ. ಯಾವ ಸಂಸ್ಥೆ ಎಲ್ಲಿದೆ, ಎಂದು ನೋಂದಾಯಿತವಾಯಿತು, ಲೆಕ್ಕಪತ್ರ ಸಲ್ಲಿಸುತ್ತಿದೆಯೇ ಎಂಬ ಮೂರು ಸಂಗತಿಗಳನ್ನು ಯುನಿಕೋಡ್ ಕನ್ನಡದಲ್ಲಿ, ಯಾರು ಬೇಕಾದರೂ ಯಂತ್ರದಿಂದ ಓದಿಸಬಹುದಾದ ರೂಪದಲ್ಲಿ ಜಿಲ್ಲಾವಾರು ಪ್ರಕಟಿಸಿದರೆ ಒಂದೇ ಏಟಿಗೆ ಸಾವಿರಾರು ಸಂಸ್ಥೆಗಳಿಗೆ ನಂಬಲರ್ಹವಾದ ಸಾಕ್ಷಿ ದೊರೆತಂತಾಗುತ್ತದೆ, ನಕಲಿಗಳನ್ನು ಬೇರ್ಪಡಿಸಲೂ ಅನುಕೂಲವಾಗುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ಸ್ಥಳೀಯ ಸಂಘಗಳಿಗೆ ತಮ್ಮದೊಂದು ಪುಟ ಬರೆದುಕೊಳ್ಳಲು ನೆರವು ನೀಡಬಹುದು. ಇದಕ್ಕೆ ಹೊಸ ಯೋಜನೆ, ಹೊಸ ಮಂಡಳಿ, ಅದಕ್ಕೊಬ್ಬ ಅಧ್ಯಕ್ಷರು ಬೇಕಿಲ್ಲ. ಒಂದು ಸುತ್ತೋಲೆ ಸಾಕು.

ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳಲ್ಲಿ ವಾರ್ಷಿಕ ಮಹಾಸಭೆಗಳ ಸುಗ್ಗಿ. ಲೆಕ್ಕಪರಿಶೋಧಕರ ನೇಮಕ, ಲಾಭ ವಿಲೇವಾರಿಯ ಜೊತೆಗೆ ಕಾರ್ಯಸೂಚಿಯಲ್ಲಿ ಇನ್ನೊಂದು ಬಾಬನ್ನು ಸೇರಿಸುವುದು ಉಚಿತ. ಸಂಘದ ಜಾಲತಾಣದ ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ, ಅದರ ಪಾಸ್‌ವರ್ಡ್ ಕಚೇರಿಯಲ್ಲಿದೆಯೋ ಕೆಲಸ ಬಿಟ್ಟುಹೋದ ಹುಡುಗನ ಮೊಬೈಲಿನಲ್ಲಿದೆಯೋ, ನವೀಕರಣದ ಶುಲ್ಕ ಕಟ್ಟಬೇಕಾದ ದಿನಾಂಕ ಯಾವುದು ಎಂಬುದನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ಶುಲ್ಕ ಕಟ್ಟುವುದನ್ನು ಮರೆತು ಕೈತಪ್ಪಿದ ತಾಣಗಳಲ್ಲಿ ಜೂಜಿನ ಜಾಹೀರಾತುಗಳು ಬಂದು ಕೂರುವುದನ್ನು ಅಂತರ್ಜಾಲ ಬಳಸುವವರೆಲ್ಲ ಕಂಡಿದ್ದಾರೆ. ಉತ್ತರ ಯಂತ್ರ ಆ ಪುಟವನ್ನೂ ಓದುತ್ತದೆ.